ಕೊಡಗಿನಲ್ಲಿ ಅಡುಗೆಕಟ್ಟೆ ಕಲ್ಲಿನ ಕೆಲಸ: ಶೆಡ್ಡು ಹಾಕುವುದರಿಂದ ಬಾಕಿ ವಸೂಲಿಯವರೆಗೆ

ಕೊಡಗಿನಲ್ಲಿ ಗ್ರಾನೈಟ್ ಮಾರುವ ಅಂಗಡಿಗಳಿಗೆ ಬರವಿಲ್ಲ. ಕಲ್ಲು ಕೊಯ್ದು, ಅಂಚು ತಿದ್ದಿ, ಮನೆಗೆ ಒಯ್ದು ಕೂರಿಸಿಕೊಟ್ಟು, ವರ್ಷದ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳುವುದು ಮಾತ್ರ ಬೇರೆಯೇ ಲೆಕ್ಕ. ಮೈಸೂರಿನಲ್ಲಿ ಸಿಂಕಿನ ತೂತು ಅರ್ಧ ಇಂಚು ಚಿಕ್ಕದಾಯಿತು ಅಂದರೆ ಹುಡುಗನೊಬ್ಬ ಗ್ರೈಂಡರ್ ಹಿಡಿದು ಬೈಕ್ ಹತ್ತುತ್ತಾನೆ, ಊಟದ ಹೊತ್ತಿಗೆ ವಾಪಸ್ ಬರುತ್ತಾನೆ. ಇಲ್ಲಿ ಕುಶಾಲನಗರದ ಶೆಡ್ಡಿನಿಂದ ನಾಪೋಕ್ಲು ದಾಟಿ ಒಳಗಿರುವ ತೋಟದ ಮನೆಗೆ ಅದೇ ಅರ್ಧ ಇಂಚಿಗಾಗಿ ಹೊರಟರೆ ಆ ದಿನದ ಆಸೆ ಬಿಡಬೇಕು. ಡೀಸೆಲ್, ಇಬ್ಬರ ಕೂಲಿ, ಜೊತೆಗೆ ಶೆಡ್ಡಿನಲ್ಲಿ ನಿಂತ ಮೆಷಿನ್.

ಅಳತೆಗೆ ಒಮ್ಮೆ, ಕೂರಿಸಲು ಒಮ್ಮೆ. ಒಂದು ಮನೆಗೆ ಎರಡೇ ಸಲ ಹೋಗಿ ಕೆಲಸ ಮುಗಿಸುವುದು ಹೇಗೆ ಎಂಬುದರ ಸುತ್ತಲೇ ಈ ಮಾರ್ಗದರ್ಶಿ ಇದೆ. ಮೂರನೇ ಸಲ ಗಾಡಿ ಹತ್ತಿದರೆ ಏನಾಗುತ್ತದೆ ಎಂಬುದನ್ನು ಮುಂದೆ ರೂಪಾಯಿಯಲ್ಲೇ ತೋರಿಸುತ್ತೇನೆ.

ಹೆಜ್ಜೆ 1: ಮೊದಲು ಕ್ಯಾಲೆಂಡರ್ ನೋಡಿ

ಮೆಷಿನ್‌ಗೆ ಕೊಟೇಶನ್ ಕೇಳುವ ಮುಂಚೆ ವರ್ಷವನ್ನು ಮೂರು ಪಾಲು ಮಾಡಿ ಬರೆದುಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಮನೆ ಕೆಲಸ ಶುರು. ಹಾಗಾಗಿ ಫೆಬ್ರವರಿಯಿಂದ ಮೇ ಕೊನೆಯವರೆಗೆ ಹೊಸ ಮನೆ, ಅಡುಗೆಮನೆ ರಿಪೇರಿ, ಮದುವೆಗೆ ಮುಂಚೆ ಮುಗಿಯಲೇಬೇಕಾದ ಕೆಲಸ ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ಎರಡನೇ ಭರಾಟೆ ಹೋಂಸ್ಟೇ ಮತ್ತು ರೆಸಾರ್ಟ್‌ನವರದು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೋದ್ ಹಬ್ಬ ಕಳೆದ ಮೇಲೆ ಫೋನ್ ಶುರುವಾಗುತ್ತದೆ. ದಸರಾ ರಜೆಗೆ ರೂಮು ತಯಾರಿರಬೇಕು, ತಪ್ಪಿದರೆ ಕ್ರಿಸ್‌ಮಸ್‌ಗಾದರೂ. ಊರಿನ ಮನೆಗಳವರು ಸುಗ್ಗಿಹಬ್ಬ ಹುತ್ತರಿಗೆ ಮುಂಚೆ ಮುಗಿಸಿಕೊಡಿ ಅನ್ನುತ್ತಾರೆ.

ಉಳಿದದ್ದು ಜೂನ್‌ನಿಂದ ಸೆಪ್ಟೆಂಬರ್. ಜುಲೈ-ಆಗಸ್ಟ್ ನಡುವಿನ ಕಕ್ಕಡ ಮಾಸದಲ್ಲಿ ಶುಭಕಾರ್ಯ ಇಲ್ಲ, ಕಟ್ಟಡದ ಕೆಲಸವೂ ಹೆಚ್ಚುಕಡಿಮೆ ನಿಂತಂತೆಯೇ. ಭಾರಿ ಸರಕು ವಾಹನಗಳಿಗೆ ಮಳೆಗಾಲದಲ್ಲಿ ಜಿಲ್ಲಾಡಳಿತ ನಿರ್ಬಂಧ ಹೇರುವುದು ಮಾಮೂಲು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸುತ್ತಲಿನ ರಸ್ತೆಗಳು ಹೇಗಾದವು ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಹೀಗಿರುವಾಗ ವರ್ಷಕ್ಕೆ 300 ದಿನ ಕೆಲಸ ಎಂದು ಲೆಕ್ಕ ಹಾಕಿದರೆ ಕಾಗದದ ಮೇಲೆ ಲಾಭ ಕಾಣುತ್ತದೆ, ಪೆಟ್ಟಿಗೆಯಲ್ಲಿ ಕಾಣುವುದಿಲ್ಲ. 200 ದಿನ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಸುಮ್ಮನೆ ಕೂರಬೇಕೆಂದಲ್ಲ. ಅಳತೆಗೆ ಹೋಗದೆಯೇ ಮಾಡಬಹುದಾದ ಕೆಲಸ ಆ ತಿಂಗಳುಗಳಿಗೆ: ವಾಶ್‌ಬೇಸಿನ್ ಕಟ್ಟೆ, ಕಿಟಕಿ ಪಟ್ಟಿ, ಹೊಸ್ತಿಲು, ಹೋಂಸ್ಟೇ ರೂಮಿನ ಮೇಜಿನ ಕಲ್ಲು, ತೋಟದ ಗೇಟಿಗೆ ಹೆಸರಿನ ಫಲಕ. ಅಕ್ಟೋಬರ್‌ನಲ್ಲಿ ಹೋಂಸ್ಟೇಯವರು ಆರು ಬಾತ್‌ರೂಮಿಗೆ ಆರು ಕಟ್ಟೆ ಬೇಕು ಅಂದಾಗ ತಯಾರು ಮಾಲು ಇದ್ದವನಿಗೆ ಆ ಆರ್ಡರ್. ಅದಕ್ಕೆ ಬೇಕಾದ ಕಲ್ಲನ್ನು ಮೇ ತಿಂಗಳಲ್ಲೇ ಇಳಿಸಿಕೊಳ್ಳಿ.

ಹೆಜ್ಜೆ 2: ಜಾಗ, ಕರೆಂಟು, ಕಾಗದಪತ್ರ

ಶೆಡ್ಡಿಗೆ ನನ್ನ ಆಯ್ಕೆ ಕುಶಾಲನಗರದ ಸುತ್ತಮುತ್ತ. ನೆಲ ಸಮತಟ್ಟು, ಮಳೆ ಮಡಿಕೇರಿಗಿಂತ ಕಡಿಮೆ, ಮೈಸೂರು ಕಡೆಯಿಂದ ಬರುವ ಲಾರಿ ಘಾಟಿ ಹತ್ತಬೇಕಿಲ್ಲ. ಕೂಡ್ಲೂರು ಕೈಗಾರಿಕಾ ಪ್ರದೇಶವೂ ಅಲ್ಲೇ ಇದೆ. ದಕ್ಷಿಣ ಕೊಡಗಿನ ಗಿರಾಕಿಯನ್ನೇ ನಂಬಿಕೊಂಡವರಿಗೆ ಗೋಣಿಕೊಪ್ಪಲು ಆಗಬಹುದು. ಮಡಿಕೇರಿಯಲ್ಲಿ ಮಾದರಿ ಕಲ್ಲು ತೋರಿಸಲು ಒಂದು ಚಿಕ್ಕ ಮಳಿಗೆ ಇದ್ದರೆ ಸಾಕು, ಕೊಯ್ಯುವ ಕೆಲಸ ಅಲ್ಲಿ ಬೇಡ.

ಸ್ವಂತ ತೋಟದ ಮೂಲೆಯಲ್ಲೇ ಶೆಡ್ ಹಾಕುತ್ತೇನೆ ಎನ್ನುವವರು ಮೊದಲು ಪಹಣಿ ತೆಗೆದು ನೋಡಿ. ಜಮ್ಮಾ, ಬಾಣೆ (ಕೊಡಗಿನ ಹಳೆಯ ಹಿಡುವಳಿ ಬಗೆಗಳು) ಎಂದಿದ್ದರೆ ಭೂಪರಿವರ್ತನೆಗೆ ಎಷ್ಟು ಓಡಾಡಬೇಕಾದೀತು ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ. ಪರಿವರ್ತನೆಯಾಗದ ಜಾಗಕ್ಕೆ ಬ್ಯಾಂಕಿನವರು ಸಾಲ ಕೊಡಲು ಹಿಂದೇಟು ಹಾಕುತ್ತಾರೆ.

ಕರೆಂಟಿಗೆ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತ್ರೀ ಫೇಸ್ ಸಂಪರ್ಕ ಬೇಕು. ಮರ ಬಿದ್ದು ಲೈನ್ ಹೋಗುವುದು, ಒಂದು ಫೇಸ್ ಮಾತ್ರ ಕೈಕೊಡುವುದು ಇಲ್ಲಿ ವಿಶೇಷವೇನಲ್ಲ. ಎರಡೇ ಫೇಸ್‌ನಲ್ಲಿ ಓಡಿದ ಮೋಟಾರ್ ಸುಟ್ಟೇ ಹೋಗುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸುವ ಖರ್ಚು ಮೋಟಾರ್ ರಿವೈಂಡಿಂಗ್ ಮುಂದೆ ಏನೂ ಅಲ್ಲ. ನೀರಲ್ಲಿ ನಿಂತು ಗ್ರೈಂಡರ್ ಹಿಡಿಯುವ ಕೆಲಸ ಇದು. ಹ್ಯಾಂಡ್ ಮೆಷಿನ್‌ಗಳ ಲೈನಿಗೆಲ್ಲ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಒಂದು ದಿನವೂ ಕೆಲಸ ಮಾಡಿಸಬೇಡಿ.

ಕಾಗದಗಳು ಇಷ್ಟು: ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಉದ್ಯಮ್ ನೋಂದಣಿ (ಆನ್‌ಲೈನ್‌ನಲ್ಲಿ ಉಚಿತ, ಯಾರಿಗೂ ಕಮಿಷನ್ ಕೊಡಬೇಡಿ), ಜಿಎಸ್‌ಟಿ. ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ, ಸೇವೆಗೆ ಆ ಮಿತಿ 20 ಲಕ್ಷ. ಕಲ್ಲು ತಂದು ಮನೆಯಲ್ಲಿ ಕೂರಿಸಿಕೊಡುವುದು ವರ್ಕ್ಸ್ ಕಾಂಟ್ರಾಕ್ಟ್, ಅಂದರೆ ಸೇವೆಯ ಲೆಕ್ಕಕ್ಕೆ ಸೇರುತ್ತದೆ. 40 ಲಕ್ಷದವರೆಗೂ ಚಿಂತೆಯಿಲ್ಲ ಎಂದುಕೊಂಡವರು ಒಮ್ಮೆ ಲೆಕ್ಕಪರಿಶೋಧಕರನ್ನು ಕಂಡು ಬನ್ನಿ. 50,000 ರೂಪಾಯಿ ಮೀರಿದ ಸರಕು ಲಾರಿ ಹತ್ತಿದರೆ ಇ-ವೇ ಬಿಲ್ ಬೇಕು.

ಬಂಡವಾಳಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ) ಯೋಜನೆಯನ್ನು ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ, ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ ಅದರ ಚೌಕಟ್ಟು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರ ಜೊತೆ ಮಾಜಿ ಸೈನಿಕರೂ ವಿಶೇಷ ವರ್ಗದಲ್ಲಿ ಬರುತ್ತಾರೆ. ಮನೆಗೊಬ್ಬ ಫೌಜಿ ಇರುವ ಕೊಡಗಿಗೆ ಇದು ನೆನಪಿಡಬೇಕಾದ ಸಂಗತಿ. ಹಣ ಮಾತ್ರ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಕಲ್ಲು ತರಿಸಬೇಡಿ.

ಹೆಜ್ಜೆ 3: ಮೆಷಿನ್ ಕಡಿಮೆ, ಸ್ಟ್ಯಾಂಡ್ ಗಟ್ಟಿ

ಶುರುವಿನಲ್ಲೇ ದೊಡ್ಡ ಬ್ರಿಡ್ಜ್ ಸಾ (ಸೇತುವೆಯಂಥ ತೊಲೆಯ ಮೇಲೆ ಬ್ಲೇಡ್ ಓಡುವ ಕಟಿಂಗ್ ಯಂತ್ರ) ತಂದು ಕಂತು ಕಟ್ಟಲು ಒದ್ದಾಡುವವರೇ ಹೆಚ್ಚು. ಮೊದಲ ವರ್ಷಕ್ಕೆ ಹಳಿಯ ಮೇಲೆ ಓಡುವ, ನೀರು ಹಾಯುವ ಸಾಧಾರಣ ಕಟಿಂಗ್ ಮೆಷಿನ್ ಒಂದು, ನೀರಿನ ಪಾಲಿಶರ್ ಎರಡು, ಮಾರ್ಬಲ್ ಕಟ್ಟರ್ ಎರಡು, ನಲ್ಲಿ ತೂತಿಗೆ 35 ಎಂಎಂ ಕೋರ್ ಬಿಟ್, 50ರಿಂದ 3000 ನಂಬರಿನವರೆಗೆ ಪಾಲಿಶ್ ಪ್ಯಾಡ್ ಸೆಟ್ಟು. ಕಲ್ಲು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡಿಗೆ ಮಾತ್ರ ಕಂಜೂಸಿ ಮಾಡಬೇಡಿ. 20 ಎಂಎಂ ಗ್ರಾನೈಟ್ ಚದರಡಿಗೆ ಸುಮಾರು 5 ಕೆಜಿ ತೂಗುತ್ತದೆ. 10 ಅಡಿಗೆ 6 ಅಡಿಯ ಒಂದು ಸ್ಲ್ಯಾಬ್ ಅಂದರೆ 300 ಕೆಜಿ. ಅದು ವಾಲಿದರೆ ಕೈಯಿಂದ ತಡೆಯಲು ಆಗದು, ತಡೆಯಲು ಹೋಗಲೂಬಾರದು. ಸ್ಲ್ಯಾಬ್ ಬೀಳುತ್ತಿದ್ದರೆ ಬಿಟ್ಟು ಓಡಬೇಕು ಎಂದು ಮೊದಲ ದಿನವೇ ಹುಡುಗರಿಗೆ ಹೇಳಿಬಿಡಿ.

ನೀರಿಗೆ ಮೂರು ಗುಂಡಿಯ ತೊಟ್ಟಿ ಕಟ್ಟಿಸಿ. ಮೊದಲನೆಯದರಲ್ಲಿ ದಪ್ಪ ರಾಡಿ, ಎರಡನೆಯದರಲ್ಲಿ ಸಣ್ಣದು ಇಳಿದು, ಮೂರನೆಯದರಿಂದ ತಿಳಿನೀರು ಮತ್ತೆ ಮೆಷಿನ್‌ಗೆ. ಕಲ್ಲಿನ ರಾಡಿಯನ್ನು ಚರಂಡಿಗೆ ಬಿಟ್ಟರೆ ಅದು ಹೋಗಿ ಸೇರುವುದು ಹಾರಂಗಿಗೆ, ಕಾವೇರಿಗೆ. ಊರವರ ದೂರು ಮಂಡಳಿಗೆ ಹೋದರೆ ಶೆಡ್ ಬಾಗಿಲು ಮುಚ್ಚುತ್ತದೆ. ಒಣಗಿದ ರಾಡಿ ನೆಲ ತುಂಬಿಸಲು ಆಗುತ್ತದೆ.

ಹೆಜ್ಜೆ 4: ಕಲ್ಲು ಕೊಳ್ಳುವಾಗ

ಬೆಂಗಳೂರು ಬಳಿಯ ಜಿಗಣಿ ಕಡೆಯ ಗೋದಾಮುಗಳಲ್ಲಿ ಎಲ್ಲ ಬಗೆಯೂ ಒಂದೇ ಕಡೆ ಸಿಗುತ್ತದೆ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಆಂಧ್ರದ ಚೀಮಕುರ್ತಿಯಿಂದ ಬರುವ ಬ್ಲ್ಯಾಕ್ ಗ್ಯಾಲಕ್ಸಿ, ಕರೀಂನಗರದ ಟ್ಯಾನ್ ಬ್ರೌನ್ ಇವೆಲ್ಲ ಅಡುಗೆಕಟ್ಟೆಗೆ ಒಗ್ಗಿದ ಕಲ್ಲುಗಳು. ಬೆಳೆಯುವವರೆಗೆ ನಾಲ್ಕೈದು ಬಣ್ಣಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಇಪ್ಪತ್ತು ಬಣ್ಣ ಇಟ್ಟರೆ ಪ್ರತಿಯೊಂದರಲ್ಲೂ ತುಂಡು ಉಳಿದು ಶೆಡ್ಡಿನ ಅರ್ಧ ಜಾಗ ತಿನ್ನುತ್ತದೆ.

ಲೋಡ್ ಮಾಡಿಸುವ ಮುಂಚೆ ನಾಲ್ಕು ಪರೀಕ್ಷೆ. ಬೆರಳಿನ ಗೆಣ್ಣಿನಿಂದ ತಟ್ಟಿ: ಒಳ್ಳೆಯ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಬೊದ್ದು ಸದ್ದು. ನೀರು ಸುರಿದು ಆರಲು ಬಿಡಿ: ಮೇಲ್ಮೈ ಒಣಗಿದ ಮೇಲೂ ಕೂದಲೆಳೆಯ ಹಾಗೆ ಒಂದು ಗೆರೆ ಕಪ್ಪಾಗಿಯೇ ಉಳಿದರೆ ಅದೇ ಬಿರುಕು. ಕಪ್ಪು ಕಲ್ಲಾದರೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ: ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಬಳಿದಿದ್ದಾರೆ, ವರ್ಷದೊಳಗೆ ಸಿಂಕಿನ ಸುತ್ತ ಬೂದಿಬಣ್ಣಕ್ಕೆ ತಿರುಗಿ ಗಿರಾಕಿ ನಿಮ್ಮ ಮನೆಗೇ ಬರುತ್ತಾರೆ. ಕೊನೆಗೆ ದಪ್ಪವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. 20 ಎಂಎಂ ಎಂದು ಮಾರುವ ಕಲ್ಲು ಒಂದು ತುದಿಯಲ್ಲಿ 16 ಇರುವುದುಂಟು. ಜೋಡಿಸುವಾಗ ಮೆಟ್ಟಿಲು ಬೀಳುತ್ತದೆ.

ಹೆಜ್ಜೆ 5: ಯಾವ ಅಡುಗೆಮನೆಗೆ ಯಾವ ಕಲ್ಲು

ಗಿರಾಕಿ ಮೊಬೈಲ್‌ನಲ್ಲಿ ಬಿಳಿ ಕಟ್ಟೆಯ ಚಿತ್ರ ತೋರಿಸಿ ಇಂಥದೇ ಬೇಕು ಅನ್ನುತ್ತಾರೆ. ಬೇಡ ಅನ್ನುವ ಬದಲು ಒಂದು ಬಟ್ಟಲು ಕಾಚಂಪುಳಿ (ಕೊಡವ ಅಡುಗೆಯ ಕಪ್ಪು ಹುಳಿ ರಸ) ಕೇಳಿ. ಅಮೃತಶಿಲೆಯ ತುಂಡು, ಕಡಪ ಕಲ್ಲಿನ ತುಂಡು, ಕಪ್ಪು ಗ್ರಾನೈಟ್ ತುಂಡು ಮೂರನ್ನೂ ಮೇಜಿನ ಮೇಲಿಟ್ಟು ಒಂದೊಂದು ಹನಿ ಬಿಡಿ. ಮಾತಾಡುತ್ತ ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಅಮೃತಶಿಲೆಯಲ್ಲೂ ಕಡಪದಲ್ಲೂ ಹೊಳಪು ಸತ್ತ ಒಂದು ವೃತ್ತ ಕಾಣುತ್ತದೆ, ಗ್ರಾನೈಟ್‌ನಲ್ಲಿ ಕಾಣುವುದಿಲ್ಲ. ಮೊದಲ ಎರಡೂ ಸುಣ್ಣದ ಜಾತಿಯವು, ಹುಳಿ ಅವನ್ನು ತಿನ್ನುತ್ತದೆ. ಪಂದಿ ಕರಿ ಮಾಡುವ ಮನೆಯಲ್ಲಿ ಈ ಒಂದು ಪ್ರಯೋಗ ಸಾಕು, ಬೇರೆ ಭಾಷಣ ಬೇಕಿಲ್ಲ. ಕಡಪ ಕಲ್ಲು ಒಳಗಿನ ಶೆಲ್ಫಿಗೆ ಚೆನ್ನ, ಮೇಲಿನ ಕಟ್ಟೆಗಲ್ಲ.

ಬಿಳಿ ಗ್ರಾನೈಟ್ ಬೇಕೇ ಬೇಕು ಅಂದರೆ ಎರಡು ಮಾತು ಮೊದಲೇ ಹೇಳಿ. ಕೆಲವು ಬಿಳಿ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ನಮ್ಮ ತೇವಕ್ಕೆ ತುಕ್ಕಿನ ಚುಕ್ಕೆ ಏಳಬಹುದು. ಕಲೆ ಇಳಿಯದಂತೆ ಸೀಲರ್ ಹೊಡೆಯಲು ಕಲ್ಲು ಪೂರ್ತಿ ಒಣಗಿರಬೇಕು, ಜುಲೈನಲ್ಲಿ ಅದು ಸಾಧ್ಯವಿಲ್ಲ. ಬಿಳಿ ಕಲ್ಲಿನ ಕೆಲಸವನ್ನು ಮಳೆ ಕಳೆದ ಮೇಲೆ ಒಪ್ಪಿಕೊಳ್ಳಿ.

ಕ್ವಾರ್ಟ್ಜ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ನೋಡಲು ಚೆಂದ, ಕಲೆ ಹಿಡಿಯುವುದಿಲ್ಲ, ರೆಸಾರ್ಟ್‌ನವರು ಕೇಳುತ್ತಾರೆ. ಆದರೆ ಅದು ಕ್ವಾರ್ಟ್ಜ್ ಪುಡಿಯನ್ನು ರಾಳದಲ್ಲಿ ಅಂಟಿಸಿದ ಹಲಗೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಹಾಗೇ ಇಟ್ಟರೆ ರಾಳ ಸುಟ್ಟು ಕಲೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಧೂಳು. ಗ್ರಾನೈಟ್‌ನಲ್ಲಿ ಸ್ಫಟಿಕ ರೂಪದ ಸಿಲಿಕಾ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ, ಮಾಮೂಲಿ ಕ್ವಾರ್ಟ್ಜ್ ಹಲಗೆಯಲ್ಲಿ ಶೇ. 90ಕ್ಕೂ ಹೆಚ್ಚು. ಕೊಯ್ಯುವವರ ಶ್ವಾಸಕೋಶ ಹಾಳಾಗುವುದನ್ನು ಕಂಡೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಬೇಡಿಕೆ ಬಂದರೆ ಬೆಂಗಳೂರಿನಲ್ಲಿ ಸರಿಯಾದ ವ್ಯವಸ್ಥೆ ಇರುವ ಕಡೆ ಅಳತೆಗೆ ಕೊಯ್ಯಿಸಿ ತಂದು ಕೂರಿಸಿ.

ಹೆಜ್ಜೆ 6: ಅಳತೆ

ಎರಡೇ ಸಲ ಹೋಗುತ್ತೇನೆ ಎಂಬ ಹಟ ಉಳಿಯುವುದೋ ಮುರಿಯುವುದೋ ಅಳತೆಯ ದಿನ ತೀರ್ಮಾನವಾಗುತ್ತದೆ. ಅಳತೆಗೆ ಹುಡುಗನನ್ನು ಕಳಿಸಬೇಡಿ, ನೀವೇ ಹೋಗಿ.

ಹೋಗುವ ಮುಂಚೆ ಫೋನಿನಲ್ಲಿ ಮೂರು ಪ್ರಶ್ನೆ: ಕೆಳಗಿನ ಕ್ಯಾಬಿನೆಟ್ ಅಥವಾ ಇಟ್ಟಿಗೆ ಗೋಡೆ ಕಟ್ಟಿ ಮುಗಿದಿದೆಯೇ? ಗಾರೆ ಆಗಿದೆಯೇ? ಸಿಂಕು, ಸ್ಟವ್ವು, ನಲ್ಲಿ ಮನೆಗೆ ಬಂದಿವೆಯೇ? "ನಾಡಿದ್ದು ಬರುತ್ತೆ ಸರ್, ಅಳತೆ ಬಾಕ್ಸ್ ಮೇಲಿದೆ" ಅಂದರೆ ನಾಡಿದ್ದೇ ಹೋಗಿ. ಬಾಕ್ಸ್ ಮೇಲಿನ ಅಳತೆ ನಂಬಿ ತೂತು ಕೊಯ್ದರೆ ನಷ್ಟ ನಿಮ್ಮದು.

ಪೊಲಿಬೆಟ್ಟ, ಸಿದ್ದಾಪುರದ ಕಡೆಯ ಹಳೆಯ ಬಂಗಲೆಗಳಲ್ಲಿ ಗೋಡೆ ದಪ್ಪಗಿದೆ, ಆದರೆ ನೇರವಿಲ್ಲ. ಆರಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಮಧ್ಯದಲ್ಲಿ ಬೆಳಕು ಕಂಡರೆ ಅಲ್ಲಿ ಗೋಡೆ ಒಳಗೆ ಹೋಗಿದೆ. ಎಷ್ಟು ಎಂದು ಸ್ಕೇಲು ತೂರಿಸಿ ಬರೆದುಕೊಳ್ಳಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪ್ ಹಿಡಿಯಿರಿ. ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಇದೆ. 5 ಅಡಿಗೆ ಅರ್ಧ ಇಂಚು ಹೆಚ್ಚು ಬಂತೆನ್ನಿ, ಮೂಲೆ ಬಾಯಿ ತೆರೆದಿದೆ, ಹತ್ತಡಿ ಕಟ್ಟೆಯ ತುದಿಗೆ ಹೋಗುವಷ್ಟರಲ್ಲಿ ಗೋಡೆಗೂ ಕಲ್ಲಿಗೂ ನಡುವೆ ಸುಮಾರು ಎರಡು ಇಂಚು ಸಂದು.

ಇಂಥ ಕಡೆ ಟೇಪಿನ ಅಳತೆ ಸಾಲದು, ಪಡಿಯಚ್ಚು ತೆಗೆಯಬೇಕು. ರಟ್ಟು, ಎಂಡಿಎಫ್ ಎರಡೂ ಇಲ್ಲಿನ ತೇವಕ್ಕೆ ಉಬ್ಬುತ್ತವೆ. ಬೋರ್ಡ್ ಬರೆಯುವವರು ಬಳಸುವ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟ್ ಹಗುರ, ನೀರಿಗೆ ಜಗ್ಗುವುದಿಲ್ಲ. ನಾಲ್ಕಿಂಚಿನ ಪಟ್ಟಿಗಳಾಗಿ ಕೊಯ್ದು ಗೋಡೆಯ ಗೆರೆಗೆ ಸರಿಯಾಗಿ ಕೂರಿಸಿ, ಒಂದಕ್ಕೊಂದು ಹಾಟ್ ಗ್ಲೂ ಹಾಕಿ. ಮೇಲೆ ಮಾರ್ಕರ್‌ನಿಂದ ಸಿಂಕಿನ ಮಧ್ಯಗೆರೆ, ಸ್ಟವ್ವಿನ ಮಧ್ಯಗೆರೆ, ಜೋಡಣೆ ಬರುವ ಜಾಗ, ಪಾಲಿಶ್ ಬೇಕಾದ ಅಂಚು, ಗ್ಯಾಸ್ ಪೈಪಿನ ತೂತು ಎಲ್ಲ ಗುರುತಿಸಿ. "ಮೇಲ್ಮುಖ" ಎಂದು ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಶೆಡ್ಡಿನಲ್ಲಿ ಯಾರೋ ಮಗುಚಿಟ್ಟು ಎಡಗೈ ಕಟ್ಟೆಯನ್ನು ಬಲಗೈ ಮಾಡುತ್ತಾರೆ. ಮನೆಯವರ ಸಹಿಯನ್ನು ಆ ಶೀಟಿನ ಮೇಲೇ ಹಾಕಿಸಿ ಫೋಟೊ ತೆಗೆದುಕೊಳ್ಳಿ.

ಎತ್ತರ ಕೇಳಬೇಕಾದದ್ದು ಮನೆಯ ಯಜಮಾನರನ್ನಲ್ಲ, ಒಲೆ ಮುಂದೆ ನಿಲ್ಲುವವರನ್ನು. "ಅಮ್ಮ, ಒಂದು ನಿಮಿಷ ಇಲ್ಲಿ ನಿಂತು ಕೈ ಮಡಚಿ" ಎಂದು ಮೊಣಕೈ ಎತ್ತರ ನೋಡಿ, ಅದರಿಂದ ನಾಲ್ಕಿಂಚು ಕೆಳಗೆ ಕಟ್ಟೆ. ಸಾಮಾನ್ಯವಾಗಿ 33-34 ಇಂಚು ಆಗುತ್ತದೆ, ಎತ್ತರದವರಿಗೆ 36 ಕೂಡ. ಕಟ್ಟೆಗೆ ಸ್ಕ್ರೂ ಬಿಗಿದು ತೆಂಗಿನಕಾಯಿ ತುರಿಯುವ ಮೆಷಿನ್ ಇದೆಯೇ ಎಂದು ಕೇಳಿ. ಇದ್ದರೆ ಒಂದು ಕಡೆ ಅಂಚು ಒಂದೂವರೆ ಇಂಚು ಹೊರಚಾಚಿರಬೇಕು, ಅಲ್ಲಿ ಡಬಲ್ ಪಟ್ಟಿ (ಅಂಚು ದಪ್ಪ ಕಾಣಲು ಅಡಿಗೆ ಅಂಟಿಸುವ ಕಲ್ಲಿನ ಪಟ್ಟಿ) ಬೇಡ. ಈ ಪ್ರಶ್ನೆ ಕೇಳುವ ಮೇಸ್ತ್ರಿ ಮೇಲೆ ಮನೆಯವರಿಗೆ ಹುಟ್ಟುವ ನಂಬಿಕೆಗೆ ಜಾಹೀರಾತು ಸಮನಲ್ಲ.

ಹೊರಡುವ ಮುಂಚೆ ದಾರಿಯನ್ನೂ ಅಳೆಯಿರಿ. ತೋಟದ ರಸ್ತೆಯಲ್ಲಿ ಪಿಕಪ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ದೂರ ಹೊರಬೇಕು, ಅಡುಗೆಮನೆ ಬಾಗಿಲಲ್ಲಿ ಹತ್ತಡಿ ಕಲ್ಲು ತಿರುಗುತ್ತದೆಯೇ. ತಿರುಗದಿದ್ದರೆ ಜೋಡಣೆ ಎಲ್ಲಿ ಎಂಬುದನ್ನು ಇವತ್ತೇ ಒಪ್ಪಿಸಿ. ಸಿಂಕಿನ ಮಧ್ಯದಲ್ಲಿ ಜೋಡಣೆ ಬೇಡ, ಮೂಲೆಯಲ್ಲಿ ಬಂದರೆ ಒಳ್ಳೆಯದು.

ಹೆಜ್ಜೆ 7: ಕೊಯ್ಯುವುದು, ತಿದ್ದುವುದು, ಧೂಳು

ಸಿಂಕಿನ ತೂತಿನ ನಾಲ್ಕು ಮೂಲೆಗೂ ಮೊದಲು ಕೋರ್ ಬಿಟ್‌ನಿಂದ ದುಂಡು ತೂತು ಹಾಕಿ, ಆಮೇಲೆ ತೂತಿನಿಂದ ತೂತಿಗೆ ಬ್ಲೇಡ್ ಓಡಿಸಿ. ಚೂಪು ಮೂಲೆ ಬಿಟ್ಟರೂ, ಬ್ಲೇಡ್ ಗೆರೆ ದಾಟಿ ಓಡಿದರೂ ಬಿರುಕು ಶುರುವಾಗುವುದು ಅಲ್ಲಿಂದಲೇ. ಸಿಂಕಿನ ಮುಂದೆ ಉಳಿಯುವ ಎರಡು-ಮೂರು ಇಂಚಿನ ಪಟ್ಟಿಯೇ ಇಡೀ ಕಟ್ಟೆಯ ಬಲಹೀನ ಜಾಗ. ಅಡಿಯಲ್ಲಿ ಸಣ್ಣ ತೋಡು ಕೊಯ್ದು ಸ್ಟೀಲ್ ಸರಳು ಇಟ್ಟು ಅರಾಲ್ಡೈಟ್ ಅಂಟು ತುಂಬಿ. ನಮ್ಮ ರಸ್ತೆಯಲ್ಲಿ ಸರಳಿಲ್ಲದ ಪಟ್ಟಿ ಮನೆ ಮುಟ್ಟುವುದು ಅನುಮಾನ.

ಅಂಚಿನ ಪಾಲಿಶ್‌ನಲ್ಲಿ ನಂಬರ್ ಹಾರಿಸಬೇಡಿ: 50, 100, 200, 400, 800, 1500, 3000. 200ರಿಂದ ನೇರ 800ಕ್ಕೆ ಹೋದರೆ ಶೆಡ್ಡಿನ ಮಬ್ಬು ಬೆಳಕಿನಲ್ಲಿ ಹೊಳೆಯುತ್ತದೆ, ಮನೆಯ ಕಿಟಕಿ ಬೆಳಕಿಗೆ ಗೆರೆ ಗೆರೆ.

ಮಡಿಕೇರಿಯ ಚಳಿಗೆ ಅರಾಲ್ಡೈಟ್ ನಿಧಾನ ಗಟ್ಟಿಯಾಗುತ್ತದೆ. ಬೇಗ ಆಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದರ ಪ್ರಮಾಣ ಡಬ್ಬಿಯಲ್ಲಿ ಹೇಳಿದಷ್ಟೇ ಇರಬೇಕು. ಕಲ್ಲಿಗೆ ಹ್ಯಾಲೊಜೆನ್ ದೀಪದ ಬಿಸಿ ಕೊಡಿ.

ಧೂಳಿನ ವಿಷಯದಲ್ಲಿ ರಾಜಿ ಇಲ್ಲ. ಒಣ ಕಟಿಂಗ್ ಮಾಡಿದಾಗ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಅಪಾಯ. ಅದು ಶ್ವಾಸಕೋಶದೊಳಗೆ ಕೂತು ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ಗುಣಪಡಿಸುವ ಔಷಧ ಇಲ್ಲ. ಕಾರ್ಮಿಕ ಕಾನೂನಿನಲ್ಲಿ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಶೆಡ್ಡಿನಲ್ಲಿ ಎಲ್ಲವೂ ನೀರು ಹಾಯಿಸಿಯೇ ಕೊಯ್ಯಬೇಕು. ಮುಖಕ್ಕೆ ಟವೆಲ್ ಕಟ್ಟಿದರೆ ಉಪಯೋಗವಿಲ್ಲ, ಎನ್-95 ಅಥವಾ ಅದಕ್ಕಿಂತ ಮೇಲಿನದು ಬೇಕು. ಸಂಜೆ ನೆಲ ಗುಡಿಸದೆ ತೊಳೆಯಿರಿ. ವರ್ಷಕ್ಕೊಮ್ಮೆ ಎಲ್ಲರಿಗೂ ಎದೆಯ ಎಕ್ಸ್-ರೇ, ನಿಮಗೂ ಸೇರಿ. ಪಡಿಯಚ್ಚು ಸರಿಯಿದ್ದರೆ ಮನೆಯೊಳಗೆ ಗ್ರೈಂಡರ್ ಹಿಡಿಯುವ ಪ್ರಸಂಗವೇ ಬರುವುದಿಲ್ಲ.

ಹೆಜ್ಜೆ 8: ಸಾಗಣೆ ಮತ್ತು ಕೂರಿಸುವುದು

ಕಲ್ಲು ಯಾವಾಗಲೂ ಅಂಚಿನ ಮೇಲೆ ನಿಂತೇ ಹೋಗಬೇಕು, ಮಲಗಿಸಿದರೆ ಮೊದಲ ಗುಂಡಿಗೇ ಎರಡು ತುಂಡು. ಪಿಕಪ್‌ಗೆ ಇಳಿಜಾರು ಸ್ಟ್ಯಾಂಡ್ ಬೆಸುಗೆ ಹಾಕಿಸಿ, ಎರಡೂ ಬದಿ ಸಮ ತೂಕ ಹೇರಿ. ಹತ್ತಡಿಗೆ ಎರಡಡಿ ಕಲ್ಲು 100 ಕೆಜಿ, ನಾಲ್ವರು ಬೇಕು. ತೋಟದ ಆಳುಗಳು ಸಿಗುತ್ತಾರೆ ಎಂದು ಇಬ್ಬರನ್ನೇ ಕರೆದೊಯ್ಯಬೇಡಿ, ಕೊಯ್ಲಿನ ಕಾಲದಲ್ಲಿ ಒಬ್ಬರೂ ಸಿಗುವುದಿಲ್ಲ.

ಕೂರಿಸುವಾಗ ಕೆಳಗಿನ ಆಧಾರಕ್ಕೆ ರಸಮಟ್ಟ ಹಿಡಿಯಿರಿ. ತಗ್ಗಿದ್ದರೆ ಬಿಲ್ಲೆ ಕೊಟ್ಟು ಎತ್ತಿ. ಸಿಂಕಿನ ಕಡೆಗೆ ಕೂದಲಷ್ಟು ಇಳಿಜಾರು ಇರಲಿ. 20 ಎಂಎಂ ಕಲ್ಲನ್ನು ಆಧಾರವಿಲ್ಲದೆ ಆರಿಂಚಿಗಿಂತ ಹೆಚ್ಚು ಹೊರಗೆ ಬಿಡಬೇಡಿ. ಬಿಳಿ ಕಲ್ಲಿಗೆ ಬೂದು ಸಿಮೆಂಟ್ ತಾಗಿಸಬೇಡಿ, ಕಲೆ ಮೇಲಕ್ಕೆ ಏರುತ್ತದೆ. ಬಿಳಿ ಟೈಲ್ ಅಂಟು ಬಳಸಿ. ಗೋಡೆಯ ಟೈಲ್ ಕಟ್ಟೆ ಕೂತ ಮೇಲೆ ಬರಬೇಕು, ಆಗ ಸಣ್ಣ ಸಂದು ಅದರಡಿ ಮುಚ್ಚಿಹೋಗುತ್ತದೆ. ಸಂದಿಗೆ ಬೂಸಲು ಹಿಡಿಯದ ಸಿಲಿಕಾನ್.

ಹೆಜ್ಜೆ 9: ದರ ಕಟ್ಟುವುದು

ಒಂದು ಎಲ್ ಆಕಾರದ ಕಟ್ಟೆ ತೆಗೆದುಕೊಳ್ಳಿ. ಒಂದು ಗೋಡೆ 10 ಅಡಿ, ಇನ್ನೊಂದು 6 ಅಡಿ, ಅಗಲ 2 ಅಡಿ. ಮೇಲ್ಮೈ 28 ಚದರಡಿ. ಗೋಡೆಗೆ ನಾಲ್ಕಿಂಚಿನ ಪಟ್ಟಿ 16 ಅಡಿ, ಮುಂದಿನ ಡಬಲ್ ಪಟ್ಟಿ 14 ಅಡಿ ಸೇರಿಸಿದರೆ ಸುಮಾರು 36. ಆದರೆ ಸ್ಲ್ಯಾಬ್ ಬರುವ ಅಳತೆಯಲ್ಲಿ ಇದಕ್ಕೆ ಎರಡು ಬೇಕು, 10 × 2.5 ಮತ್ತು 9 × 2.5, ಅಂದರೆ 47.5 ಚದರಡಿ. ನೀವು ದುಡ್ಡು ಕೊಡುವುದು 47.5ಕ್ಕೆ, ಗಿರಾಕಿ ಕಣ್ಣಿಗೆ ಕಾಣುವುದು 28.

ಕೆಳಗಿನ ರೂಪಾಯಿಗಳು ವಿಧಾನ ತೋರಿಸಲು ಇಟ್ಟ ಮಾದರಿ, ನಿಮ್ಮ ದರ ಹಾಕಿಕೊಳ್ಳಿ. ತೆರಿಗೆ ಸೇರಿ ಚದರಡಿಗೆ 140ರಂತೆ ಕಲ್ಲು 6,650. ಶೆಡ್ಡಿಗೆ ತಂದು ಇಳಿಸಲು 475. ಬ್ಲೇಡ್, ಪ್ಯಾಡ್, ಅಂಟು 700. ಒಬ್ಬ ಮೇಸ್ತ್ರಿ 1,200, ಒಬ್ಬ ಹೆಲ್ಪರ್ 800, ಎರಡು ದಿನಕ್ಕೆ 4,000. ಅಳತೆಯ ಓಡಾಟ ಮತ್ತು ಪಿಕಪ್ 1,900.

ಇನ್ನು ಎಲ್ಲರೂ ಮರೆಯುವ ಸಾಲು. ಬಾಡಿಗೆ, ಕರೆಂಟು, ಕಂತು, ನಿಮ್ಮ ಸಂಬಳ ಸೇರಿ ತಿಂಗಳಿಗೆ 40,000 ಎಂದರೆ ವರ್ಷಕ್ಕೆ 4,80,000. 200 ದಿನಕ್ಕೆ ಹಂಚಿದರೆ ದಿನಕ್ಕೆ 2,400. ಎರಡು ತಂಡವಿದ್ದರೆ ತಂಡಕ್ಕೆ 1,200, ಎರಡು ದಿನದ ಈ ಕೆಲಸಕ್ಕೆ 2,400. ಒಟ್ಟು 16,125. ಒಡೆದು ಹೋಗುವುದಕ್ಕೆ ಶೇ. 5, ಅಂದರೆ 800 ಸೇರಿಸಿ 16,925. ಮಾರಾಟ ಬೆಲೆಯ ಮೇಲೆ ಶೇ. 20 ಲಾಭ ಬೇಕಾದರೆ 0.8ರಿಂದ ಭಾಗಿಸಿ: ಸುಮಾರು 21,150. ಲಾಭ 4,225.

ಮೂರನೇ ಸಲ ಹೋದರೆ ಪಿಕಪ್ 1,500, ಇಬ್ಬರ ಕೂಲಿ 2,000, ತಂಡದ ದಿನದ ಖರ್ಚು 1,200. ಒಟ್ಟು 4,700. ಲಾಭ ಪೂರ್ತಿ ಹೋಗಿ ಕೈಯಿಂದ 475 ಬಿದ್ದಿತು.

ಪಕ್ಕದವನು ಚದರಡಿಗೆ 350 ಅಂದ ಎಂದು ಗಿರಾಕಿ ಹೇಳಿದಾಗ ವಾದಕ್ಕೆ ಇಳಿಯಬೇಡಿ. ಆ 350ರಲ್ಲಿ ಅಂಚಿನ ಮೋಲ್ಡಿಂಗ್, ಸಿಂಕಿನ ತೂತು, ಸಾಗಣೆ ಇಲ್ಲ, ಅವು ಆಮೇಲೆ ಒಂದೊಂದಾಗಿ ಸೇರುತ್ತವೆ. ನೀವು ಇಡೀ ಕೆಲಸಕ್ಕೆ ಒಂದೇ ಮೊತ್ತ ಬರೆದುಕೊಡಿ, ಏನೇನು ಸೇರಿದೆ ಎಂದು ಸಾಲು ಸಾಲಾಗಿ. ದೂರದ ಮನೆಯಾದರೆ ಸಾಗಣೆಯನ್ನು ಬೇರೆ ತೋರಿಸಿ: ದೂರದ ಸಂಪಾಜೆಗೂ ಹತ್ತಿರದ ಸುಂಟಿಕೊಪ್ಪಕ್ಕೂ ಒಂದೇ ದರ ಆಗದು. ಒಂದೇ ದಿಕ್ಕಿನ ಎರಡು ಮನೆ ಒಂದೇ ದಿನ ಬಂದರೆ ಸ್ವಲ್ಪ ಬಿಟ್ಟುಕೊಡಿ.

ಹೆಜ್ಜೆ 10: ದುಡ್ಡು, ಮತ್ತು ಉಳಿದ ತುಂಡು

ಅಳತೆಯ ದಿನ ಅರ್ಧ, ಗಾಡಿಯಿಂದ ಕಲ್ಲು ಇಳಿಸುವ ಮುಂಚೆ ಶೇ. 40, ಕೂರಿಸಿ ಒರೆಸಿಕೊಟ್ಟ ಮೇಲೆ ಉಳಿದದ್ದು. ಅಡ್ವಾನ್ಸ್ ಬರುವವರೆಗೆ ಬ್ಲೇಡ್ ತಿರುಗಬಾರದು, ಕೊಯ್ದ ಕಲ್ಲು ಇನ್ನೊಬ್ಬರ ಮನೆಗೆ ಆಗುವುದಿಲ್ಲ. "ಕಾಫಿ ಕೊಟ್ಟ ಮೇಲೆ ನೋಡುವ" ಎಂಬ ಮಾತು ಕೊಡಗಿನಲ್ಲಿ ಮೋಸದ್ದಲ್ಲ, ನಿಜಕ್ಕೂ ಹಣ ಆಗಲೇ ಬರುವುದು. ಆದರೆ ಯಾರ ಕಾಫಿ, ಯಾವ ವರ್ಷದ ಕಾಫಿ ಎಂಬುದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. "ಸಾವ್ಕಾರ್ರೇ, ಮಾರ್ಚ್ ಹದಿನೈದು ಎಂದು ಬರೆಯಲಾ?" ಎಂದು ಅವರೆದುರೇ ಕೇಳಿ ಬಿಲ್ಲಿನ ಮೇಲೆ ದಿನಾಂಕ ಹಾಕಿ. ಕೇಳಲು ಸಂಕೋಚ ಎನ್ನುವವರು ಬಿಲ್ ಪುಸ್ತಕದಲ್ಲೇ ಆ ಸಾಲು ಅಚ್ಚು ಹಾಕಿಸಿ.

ಮೇಲಿನ ಲೆಕ್ಕದಲ್ಲಿ ಎರಡನೇ ಸ್ಲ್ಯಾಬಿನಲ್ಲಿ ಹೆಚ್ಚುಕಡಿಮೆ ಐದಡಿಗೆ ಎರಡಡಿ ತುಂಡು ಉಳಿಯಿತು. ಅದರ ದುಡ್ಡನ್ನು ಗಿರಾಕಿಯೇ ಕೊಟ್ಟಾಗಿದೆ. ತುಂಡು ಬೇಕೇ ಎಂದು ಕೇಳುವುದು ಮರ್ಯಾದೆ, ಬೇಡ ಅಂದರೆ ಅದು ನಿಮ್ಮದು. ಹಿಂದೆ ಬಣ್ಣ, ಅಳತೆ, ದಪ್ಪ ಬರೆದು ಅಳತೆಯ ಪ್ರಕಾರ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫೋನಿನಲ್ಲಿ ಪಟ್ಟಿ ಇಡಿ. ಎರಡಡಿ ಮೇಲಿನದು ಬೇಸಿನ್ ಕಟ್ಟೆಗೆ, ಉದ್ದ ಸಣ್ಣದು ಕಿಟಕಿ ಪಟ್ಟಿಗೆ, ಕಪ್ಪು ಚೌಕಗಳು ಗೇಟಿನ ಫಲಕಕ್ಕೆ. ಅಡಿಗಿಂತ ಚಿಕ್ಕದನ್ನು ತಿಂಗಳ ಕೊನೆಗೆ ಹಾದಿಗೆ ಹಾಸುವವರಿಗೆ ಕೊಟ್ಟು ಜಾಗ ಖಾಲಿ ಮಾಡಿ.

ಪ್ರತಿ ಕೆಲಸಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು: ಊರು, ಕೊಂಡ ಚದರಡಿ, ಕೂರಿಸಿದ ಚದರಡಿ, ಎಷ್ಟು ಸಲ ಹೋದಿರಿ, ಮೂರನೇ ಸಲ ಹೋಗಿದ್ದರೆ ಯಾಕೆ. ಮೇ ಕೊನೆಗೆ ಆ "ಯಾಕೆ" ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ. ಸಿಂಕಿನ ಅಳತೆ ಎಂದು ಪದೇ ಪದೇ ಬಂದಿದ್ದರೆ ಅಳತೆಯ ಪದ್ಧತಿ ಬದಲಿಸಿ, ದಾರಿಯಲ್ಲಿ ಒಡೆಯಿತು ಎಂದಿದ್ದರೆ ಪಿಕಪ್‌ನ ಸ್ಟ್ಯಾಂಡ್ ಬದಲಿಸಿ. ಎರಡು ಸೀಸನ್ ಆ ಕಾಲಂ ಬಹುಮಟ್ಟಿಗೆ ಖಾಲಿ ಇದ್ದು, ಫೆಬ್ರವರಿಯ ಆರ್ಡರ್‌ಗಳನ್ನು ಏಪ್ರಿಲ್‌ಗೆ ತಳ್ಳುವ ಪರಿಸ್ಥಿತಿ ಬಂದಾಗ ಬ್ರಿಡ್ಜ್ ಸಾ ಕೊಟೇಶನ್ ತರಿಸಿ.